ಆರರಲ್ಲಿ ಎರಡು

ನೋರ್ಬಿ, ಮಿನೆಸೋಟ
9 ಫೆಬ್ರವರಿ 2015

ಕಾರ್ಮೈನ್,

ನಿನ್ನ ಹೆಸರಿನ ಹಿಂದೆ ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದ್ದು ಕಾಣುತ್ತಿರಬೇಕು. ಕಾಣಲಿ. ಬೇರೆ ಹಾಳೆ ತೆಗೆದುಕೊಳ್ಳುವಷ್ಟು ಮರ್ಯಾದೆಯನ್ನು ನಿನಗೆ ಕೊಡಲು ಮನಸ್ಸಿಲ್ಲ. ನಾವು ಬೇರೆಯಾಗಿ ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಜಗಳ ಆಡುವುದಕ್ಕೆ.

ಜೊತೆಗಿಟ್ಟ ಕಾಗದ ಓದು. ನೀನು ಏಜೆಂಟನಾಗಿದ್ದ ಅದೇ ವಿಮಾ ಕಂಪನಿಯದು. ‘ಹಾಲ್ವರ್ ಅವರಿಗೆ ದಿನನಿತ್ಯದ ಕೆಲಸಗಳಲ್ಲಿ ಇನ್ನೊಬ್ಬರ ನೆರವಿನ ಅಗತ್ಯ ಕಂಡುಬಂದಿಲ್ಲ’ ಎಂದು ಬರೆದಿದ್ದಾರೆ. ನನ್ನ ಅಪ್ಪನಿಗೆ! ಎರಡು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಚಮಚ ಬಿಟ್ಟರೆ ಬೇರೇನನ್ನೂ ಎತ್ತಲಾರದ ಮನುಷ್ಯನಿಗೆ! ಓದಿ ಮೈಯೆಲ್ಲ ಉರಿದುಹೋಯಿತು.

ಆ ಪಾಲಿಸಿ ಮಾರಿದವನು ನೀನು. ತೊಂಬತ್ತೆಂಟರಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ಅಮ್ಮ ಮಾಡಿದ ರೂಬಾರ್ಬ್ ಪೈ ಮೂರು ತುಂಡು ಮುಗಿಸಿ. ‘ಮಾವ, ಸ್ನಾನ, ಬಟ್ಟೆ, ಊಟ, ಕಕ್ಕಸು, ಮಂಚದಿಂದ ಏಳೋದು, ಉಚ್ಚೆ ಬಂದ್ರೆ ತಡ್ಕೊಳ್ಳೋದು. ಈ ಆರರಲ್ಲಿ ಎರಡು ಕೈಲಾಗ್ಲಿಲ್ಲ ಅಂದ್ರೆ ಸಾಕು, ಮನೆ ಬಾಗಿಲಿಗೇ ಆಳು ಬರ್ತಾರೆ’ ಎಂದೆ. ಅಪ್ಪ ‘ನನಗ್ಯಾಕಯ್ಯ ಅದೆಲ್ಲ’ ಎಂದು ಗೊಣಗಿ, ಅಳಿಯನಿಗೆ ಬೇಜಾರಾಗಬಾರದೆಂದು ಸಹಿ ಹಾಕಿದರು. ಹದಿನೇಳು ವರ್ಷ ಒಂದು ಕಂತೂ ತಪ್ಪಲಿಲ್ಲ.

ಈಗ ಅಪ್ಪನಿಗೆ ಆರರಲ್ಲಿ ಎರಡಲ್ಲ, ಐದು ಆಗುವುದಿಲ್ಲ. ಬೆಳಿಗ್ಗೆ ಯಾರಾದರೂ ಬಂದು ಎಬ್ಬಿಸಿ ಸ್ನಾನ ಮಾಡಿಸಿ ಹೋದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಯಾರೂ ಬರದಿದ್ದರೆ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕು. ಅಲ್ಲಿ ಅವರು ಒಂದು ಚಳಿಗಾಲವನ್ನೂ ದಾಟುವುದಿಲ್ಲ. ಬಾಯಾರಿದರೂ ನೀರು ಕೇಳದೆ, ಸುಮ್ಮನೆ ಕೂತೇ ಸಾಯುತ್ತಾರೆ.

ಜನವರಿ ಆರಕ್ಕೆ ಕಂಪನಿಯ ನರ್ಸ್ ನೋಡಲು ಬರುತ್ತಾಳೆ ಎಂದು ಫೋನ್ ಬಂತು. ನಾನು ಏನು ಮಾಡಿದೆ ಗೊತ್ತೇ? ಮನೆ ಗುಡಿಸಿ ಒರೆಸಿದೆ. ಮಂಚದ ಪಕ್ಕದ ಕಮೋಡು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ನೆಲಮಾಳಿಗೆಯಲ್ಲಿಟ್ಟು ಮೇಲೊಂದು ಕೌದಿ ಹೊದಿಸಿದೆ. ಡಯಾಪರ್‌ಗಳನ್ನು ಬೀರುವಿಗೆ ತುರುಕಿದೆ. ಅಪ್ಪನಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಚರ್ಚಿಗೆ ಹಾಕುವ ಅಂಗಿ ತೊಡಿಸಿದೆ. ಗುಂಡಿ ಹಾಕುವುದಕ್ಕೇ ನಲವತ್ತು ನಿಮಿಷ ಹಿಡಿಯಿತು. ಆಮೇಲೆ ನಿಂಬೆಯ ಸಿಹಿ ಬೇಯಿಸಿದೆ. ಮನೆಗೆ ಹೊರಗಿನವರು ಬರುತ್ತಾರಲ್ಲ! ನಗಬೇಡ, ಕಾರ್ಮೈನ್.

ನರ್ಸ್ ಒಳಗೆ ಬಂದಳು. ಅಪ್ಪ ಎದ್ದು ನಿಂತರು! ಎರಡು ವರ್ಷದಲ್ಲಿ ನಾನು ಎತ್ತದೆ ಒಮ್ಮೆಯೂ ಏಳದವರು, ಹೆಂಗಸೊಬ್ಬಳು ಬಂದಳೆಂದು ಮೇಜು ಹಿಡಿದು ಎದ್ದುಬಿಟ್ಟರು. ಅವಳು ಬರೆದುಕೊಂಡಳು. ಸ್ನಾನ ಹೇಗೆ ಎಂದಳು. ‘ದಿನಾ ಆಗುತ್ತಮ್ಮ.’ ಬಟ್ಟೆ? ‘ಹಾಕ್ಕೊಂಡೇ ಕೂತಿದೀನಲ್ಲ!’ ಅವಳು ನಕ್ಕಳು, ಅದನ್ನೂ ಬರೆದುಕೊಂಡಳು. ಕಷ್ಟ ಏನಾದರೂ ಇದೆಯೇ ಎಂದಳು. ‘ಪರವಾಗಿಲ್ಲ. ನಮಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದಾರೆ.’ ನಲವತ್ತು ವರ್ಷ ಈ ಜಿಲ್ಲೆಯ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸಿದವರು, ಒಮ್ಮೆಯೂ ಚಳಿ ಎಂದವರಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿ, ನೀವು ಎಷ್ಟು ನೆರವಾಗುತ್ತೀರಿ ಎಂದು ಕೇಳಿದಳು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು. ‘ಏನೋ, ಆಗಾಗ ಒಂದು ಕೈ ಹಾಕ್ತೀನಿ ಅಷ್ಟೇ’ ಎಂದುಬಿಟ್ಟೆ. ಅವಳು ಎರಡು ತುಂಡು ಸಿಹಿ ತಿಂದು, ಮಾಡುವ ಬಗೆ ಬರೆಸಿಕೊಂಡು ಹೋದಳು.

ಅವಳ ಕಾರು ಇನ್ನೂ ತಿರುವು ದಾಟಿರಲಿಲ್ಲ, ಅಪ್ಪನ ಪ್ಯಾಂಟು ಒದ್ದೆಯಾಯಿತು. ಬದಲಾಯಿಸುತ್ತಿದ್ದಾಗ, ‘ಒಳ್ಳೆ ಹುಡುಗಿ. ನಮ್ಮನ್ನ ನೋಡಿ ಪಾಪ ಅನ್ನಿಸ್ಲಿಲ್ಲ ಅವಳಿಗೆ’ ಎಂದರು. ‘ಪಾಪ ಅನ್ನಿಸ್ಬೇಕಿತ್ತಪ್ಪಾ! ಅದಕ್ಕೇ ಅಲ್ವಾ ಅವಳು ಬಂದಿದ್ದು!’ ಎಂದು ಕಿರುಚಿದೆ. ಅಪ್ಪನ ಮೇಲೆ ಹಾಗೆ ಕಿರುಚಿದ್ದು ಅದೇ ಮೊದಲು. ಅವರು ಕಿಟಕಿಯ ಕಡೆ ನೋಡಿ, ಕಾಫಿ ಉಳಿದಿದೆಯಾ ಎಂದು ಕೇಳಿದರು.

ಇಷ್ಟಾದ ಮೇಲೂ ನನ್ನ ಸಿಟ್ಟೆಲ್ಲ ನಿನ್ನ ಮೇಲೆಯೇ. ನೀನು ನಮ್ಮನ್ನು ಬಲ್ಲವನು. ‘ನನ್ನ ಕೈಲಾಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವವರಿಗೆ ಮಾತ್ರ ಸಿಗುವ ವಿಮೆಯನ್ನು, ಸತ್ತರೂ ಆ ಮಾತು ಆಡದ ಮನೆಗೆ ತಂದು ಮಾರಿದೆಯಲ್ಲ, ನಿನಗೆ ಅಷ್ಟೂ ತಿಳಿಯಲಿಲ್ಲವೇ?

ತಿಳಿದಿತ್ತು. ಅಮ್ಮನನ್ನು ಮಣ್ಣು ಮಾಡಿದ ದಿನ ಚರ್ಚಿನ ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ನಿಂತು, ಶಿಕಾಗೊದ ನಿನ್ನ ಆ ದೊಡ್ಡ ಗಂಟಲಲ್ಲಿ ಹೇಳಿದೆಯಲ್ಲ: ‘ಎಂಟು ತಿಂಗಳು ಆಕೆ ನೋವು ನುಂಗ್ಕೊಂಡು ಸತ್ರು. ಆಕೆ ಹೇಳ್ಲಿಲ್ಲ, ನೀವ್ಯಾರೂ ಕೇಳ್ಲಿಲ್ಲ!’ ಎಲ್ಲರೂ ತಟ್ಟೆ ನೋಡಿಕೊಂಡರು. ಯಾರೋ ಬನ್ನಿನ ಬುಟ್ಟಿ ಮುಂದೆ ದಾಟಿಸಿದರು. ಮನೆಗೆ ಬರುವ ದಾರಿಯಲ್ಲಿ, ಕಾರಿನಲ್ಲೇ, ನಾನು ನಿನಗೆ ಹೊರಟುಹೋಗು ಎಂದೆ. ಆ ದಿನ ಆಡಿದ ಮಾತಿಗೆ ನಿನ್ನನ್ನು ಕ್ಷಮಿಸಿಲ್ಲ. ನೀನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದಕ್ಕೇ ಕ್ಷಮಿಸಿಲ್ಲ.

ಮೇಲ್ಮನವಿ ಹಾಕಿದ್ದೇನೆ. ಹತ್ತೊಂಬತ್ತನೇ ತಾರೀಕು ಗುರುವಾರ ಹತ್ತು ಗಂಟೆಗೆ ಇನ್ನೊಬ್ಬ ನರ್ಸ್ ಬರುತ್ತಾಳೆ. ಈ ಸಲವೂ ತಿರಸ್ಕರಿಸಿದರೆ ಮುಗಿಯಿತು. ನೀನು ಬಾ. ಬುಧವಾರವೇ ಬಾ, ಒಂದು ದಿನ ಇದ್ದು ಕಣ್ಣಾರೆ ನೋಡು. ಗುರುವಾರ ಬೆಳಿಗ್ಗೆ ನಾನು ಪೊರಕೆ ಕೈಗೆತ್ತಿಕೊಂಡರೆ ಕಿತ್ತುಕೋ. ಅಪ್ಪ ‘ಪರವಾಗಿಲ್ಲ’ ಎಂದ ತಕ್ಷಣ ಅಡ್ಡ ಬಾಯಿ ಹಾಕಿ, ನೋಡಿದ್ದನ್ನೆಲ್ಲ ಹೇಳು, ನಾಚಿಕೆಯಿಲ್ಲದೆ, ಆ ದಿನ ಹೇಳಿದ ಹಾಗೇ ಹೇಳು. ಅಪ್ಪ ನಿನ್ನ ಮುಖ ನೋಡುವುದಿಲ್ಲ. ನಾನೂ ನೋಡಲಿಕ್ಕಿಲ್ಲ. ಹೇಳಿಬಿಟ್ಟು ಹೋಗು.

ಇದನ್ನು ಓದಿ ಬೇರೇನೂ ಲೆಕ್ಕ ಹಾಕಬೇಡ. ನಿನಗೆ ಹಾಸಿಗೆ ಹಾಸುವುದು ಹಿಂದಿನ ಕೋಣೆಯಲ್ಲಿ.

ಇಂತಿ,
ಆರ್ಡಿಸ್

ತಾ.ಕ.: ಅಕ್ಷರ ಯಾಕೆ ಹೀಗೆ ಎಂದು ಬಂದವನೇ ಎಲ್ಲರೆದುರು ಕೇಳುತ್ತೀಯ, ಅದಕ್ಕೆ ಈಗಲೇ ಹೇಳುತ್ತೇನೆ. ಎಡಗೈಯಲ್ಲಿ ಬರೆದದ್ದು. ಕ್ರಿಸ್‌ಮಸ್ಸಿಗೆ ಮುಂಚಿನ ವಾರ ಅಪ್ಪನನ್ನು ಸ್ನಾನದ ತೊಟ್ಟಿಯಿಂದ ಎತ್ತುವಾಗ ಇಬ್ಬರೂ ಬಿದ್ದೆವು. ಅವರಿಗೆ ಏನೂ ಆಗಲಿಲ್ಲ, ನನ್ನ ಬಲ ಮಣಿಕಟ್ಟು ಮುರಿಯಿತು, ಇನ್ನೂ ಸರಿಯಾಗಿ ಕೂಡಿಲ್ಲ. ಡಾಕ್ಟರಿಗೆ ಮಂಜಿನ ಮೇಲೆ ಜಾರಿದೆ ಎಂದಿದ್ದೇನೆ. ಆ ನರ್ಸ್ ಬಂದ ದಿನ ಪ್ಲಾಸ್ಟರನ್ನು ಸ್ವೆಟರಿನ ತೋಳಿನೊಳಗೆ ಮುಚ್ಚಿಕೊಂಡು, ಎಡಗೈಯಲ್ಲೇ ಕಾಫಿ ಬಗ್ಗಿಸಿ ಕೊಟ್ಟೆ. ಇದನ್ನೂ ಹೊಸಬಳಿಗೆ ಹೇಳು. ನನ್ನ ಬಾಯಿಂದ ಬರುವುದಿಲ್ಲ.