ನೋಡದೆ ಹೇಳಿದ ಸೊನ್ನೆ

ಡೆಟ್ರಾಯಿಟ್
ಆಗಸ್ಟ್ 14, 2018

ಪ್ರೀತಿಯ ಅತ್ತೆಗೆ,

ನಿಮ್ಮ ನಡೀನ್ ಮಾಡುವ ನಮಸ್ಕಾರ. ನಿಮ್ಮ ಸೊಂಟದ ಆಪರೇಷನ್ ಆಗಿ ತಿಂಗಳಾಗುತ್ತಾ ಬಂತು, ಇವಳು ಒಂದು ಕಾಗದ ಹಾಕಲಿಲ್ಲ ಎಂದು ಬೈದುಕೊಂಡಿರುತ್ತೀರಿ. ಬೈಯಿರಿ, ಬೈಸಿಕೊಳ್ಳುವುದಕ್ಕೇ ಇದ್ದೇನೆ. ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಇಬ್ಬರು ನರ್ಸುಗಳು ಕೆಲಸ ಬಿಟ್ಟರು, ಅವರ ಪಾಳಿಯೆಲ್ಲ ನನ್ನ ತಲೆಗೆ ಬಿತ್ತು. ಫೋನ್ ಮಾಡಬಹುದಿತ್ತು, ನಿಜ. ಆದರೆ ನೀವು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ವರಾಂಡದಲ್ಲಿ ಕೂರುತ್ತೀರಿ. ನಾನು ಹೇಳಿದ್ದು ನಿಮಗಿಂತ ಮೊದಲು ಎದುರುಮನೆಯವರಿಗೆ ಕೇಳಿಸುತ್ತದೆ. ಇದು ಅಂಥ ಸುದ್ದಿಯಲ್ಲ.

ನಿಮ್ಮ ಮಗ ನನ್ನನ್ನು ಕೇಳಿದ್ದಾನೆ, ಮತ್ತೆ ಮನೆಗೆ ಬರಲಾ ಎಂದು. ಡೈವೋರ್ಸ್ ಆಗಿ ಆರು ವರ್ಷದ ಮೇಲೆ! ಭಾನುವಾರ ಹೇಳುತ್ತೇನೆ ಎಂದಿದ್ದೇನೆ. ದಮ್ಮಯ್ಯ ಅತ್ತೆ, ಈ ಕಾಗದ ಪೂರ್ತಿ ಓದುವ ತನಕ ಲಮಾಂಟ್‌ಗೆ ಫೋನ್ ಮಾಡಬೇಡಿ. ನಿಮ್ಮನ್ನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲಿಂದ ಬರೆಯುತ್ತೇನೆ. ಶನಿವಾರ ಬೆಲ್ ಐಲ್ ಪಾರ್ಕಿನಲ್ಲಿ ನಿಮ್ಮ ಕುಟುಂಬದವರೆಲ್ಲ ಸೇರಿದ್ದರು. ನೀವಿಲ್ಲದೆ ಕಳೆಯೇ ಇರಲಿಲ್ಲ ಎಂದು ಬರೆಯಬೇಕು, ಆದರೆ ಸುಳ್ಳೇಕೆ, ಚೆನ್ನಾಗಿಯೇ ಆಯಿತು. ನಿಮ್ಮ ಕೈಯ ಪೀಚ್ ಹಣ್ಣಿನ ಸಿಹಿ, ಆ ಕಾಬ್ಲರ್ ಮಾತ್ರ ಇರಲಿಲ್ಲ. ಅದನ್ನು ಮಾಡಲು ಹೋದ ನಿಮ್ಮ ನಾದಿನಿ ಬರ್ನಿಸ್ ಅತ್ತೆ ಸುರಿದಿದ್ದ ಸಕ್ಕರೆ ನೋಡಿದರೆ ನಮ್ಮ ಕೇಂದ್ರಕ್ಕೆ ಇನ್ನೂ ನಾಲ್ವರು ರೋಗಿಗಳು ಗ್ಯಾರಂಟಿ. ಎಲ್ಲರೂ ತೊಡುವ ಕುಟುಂಬದ ಟೀ ಶರ್ಟು ಈ ಸಲ ನೇರಳೆ ಬಣ್ಣ, ಬೆನ್ನ ಮೇಲೆ ಎಲ್ಲರ ಹೆಸರು. ನೋಡುತ್ತೇನೆ, ಲಮಾಂಟ್ ಹೆಸರಿನ ಪಕ್ಕದಲ್ಲಿ ನನ್ನ ಹೆಸರು! ಇದೇನು ಬರ್ನಿಸ್ ಅತ್ತೆ ಎಂದು ಕೇಳಿದರೆ, "ನನ್ನನ್ನ ಕೇಳಬೇಡ ತಾಯಿ. 'ನಡೀನ್ ಹೆಸರು ತೆಗೆದ್ರೆ ನನ್ನ ಹೆಸರೂ ತೆಗೀರಿ. ಅವಳು ಬಿಟ್ಟಿದ್ದು ನನ್ನ ಮಗನ್ನ, ನನ್ನನ್ನಲ್ಲ' ಅಂತ ನಿಮ್ಮತ್ತೆ ಆಸ್ಪತ್ರೆ ಮಂಚದಿಂದ ಫೋನ್ ಮಾಡಿ ಕಿರುಚಿದ್ರು" ಎಂದರು. ನಾನು ಸೊಪ್ಪಿನ ಪಲ್ಯದ ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಊಟವಾದ ಮೇಲೆ ಇಸ್ಪೀಟಿನ ಮೇಜು ಹಾಕಿದರು. ಡೈವೋರ್ಸ್ ಆದಮೇಲೆ ನಾನು ಆ ಮೇಜಿನ ಕಡೆ ತಲೆ ಹಾಕಿದವಳಲ್ಲ. ಮಗಳು ಜೋಸಿಯನ್ನು ಒಂದು ವಾರ ಲಮಾಂಟ್ ಮನೆಗೆ, ಒಂದು ವಾರ ನನ್ನ ಮನೆಗೆ ಬಿಡುವಾಗ ಆಡುವ ನಾಲ್ಕು ಮಾತೇ ನಮಗೆ ಸಾಕಾಗಿತ್ತು. ಈ ಸಲ ಲಮಾಂಟ್‌ನ ಜೋಡಿ ಆಡಬೇಕಿದ್ದವನು ಬಿಸಿಲಿಗೆ ತಲೆ ತಿರುಗಿ ಮರದಡಿ ಮಲಗಿದ್ದ. ನಿಮ್ಮ ತಮ್ಮ ಕ್ಲಿಯೋಟಿಸ್ ಮಾವ ಬಿಡುತ್ತಾರೆಯೇ? ಪಾರ್ಕಿಗೆಲ್ಲ ಕೇಳುವ ಹಾಗೆ ಕೂಗಿದರು: "ಏನಮ್ಮಾ ಮಾಜಿ ಸೊಸೆ, ಎಲೆ ಹಿಡಿಯೋಕೆ ಇನ್ನೂ ಬರುತ್ತಾ, ಅದನ್ನೂ ಕೋರ್ಟಿಗೆ ಕೊಟ್ಟು ಬಂದ್ಯಾ?"

"ಬರುತ್ತೆ ಮಾವ. ನಿಮ್ಮ ಕಣ್ಣಲ್ಲಿ ನೀರು ತರಿಸೋ ಅಷ್ಟು ಬರುತ್ತೆ" ಎಂದು ಹೋಗಿ ಕೂತೆ. ನಾನು, ಎದುರಿಗೆ ಲಮಾಂಟ್. ಆ ಕಡೆ ಮಾವ, ಬರ್ನಿಸ್ ಅತ್ತೆ. "ಕೋರ್ಟೇ ಈ ಜೋಡಿ ಬೇಡ ಅಂದಿದೆ, ನೀವ್ಯಾಕ್ರೀ ಜೋಡಿ ಮಾಡ್ತೀರಾ?" ಎಂದು ಬರ್ನಿಸ್ ಅತ್ತೆ ಎಲೆ ಹಂಚಿದರು. ಶುರುವಿನಿಂದಲೂ ಸೋತೆವು. ಬೈಗುಳ ತಿಂದಿದ್ದಕ್ಕೆ ಲೆಕ್ಕವಿಲ್ಲ.

ನಿಮ್ಮ ಮಗನ ಆಟ ನಿಮಗೆ ಗೊತ್ತು. ನಾಲ್ಕು ಸುತ್ತು ಗೆಲ್ಲುವ ಎಲೆ ಕೈಯಲ್ಲಿದ್ದರೆ ಆಟಕ್ಕೆ ಮೊದಲು ಲೆಕ್ಕ ಹೇಳುವಾಗ ಏಳು ಗೆಲ್ಲುತ್ತೇನೆ ಅನ್ನುವವನು. ಸಂಸಾರದಲ್ಲೂ ಅದೇ. ಸೂರು ಸೋರಿದರೆ ನಾನು ಮಾಡ್ತೀನಿ, ಕಾರು ಕೆಟ್ಟರೆ ನಾನಿದೀನಿ. ಒಂದು ಕೈ ಹಿಡಿ ಎಂದು ಯಾರನ್ನೂ ಕೇಳಿದವನಲ್ಲ. ನಮ್ಮ ಪುಟ್ಟ ಆಮೋಸ್ ಹುಟ್ಟಿದ ಎರಡೇ ದಿನಕ್ಕೆ ಹೋದಾಗಲೂ ಅಷ್ಟೆ. ಮಗುವನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಬಸ್ ಡಿಪೋಗೆ ಕೆಲಸಕ್ಕೆ ಹೋದ. ನಾನು ಗೋಡೆಯ ಕಡೆ ತಿರುಗಿ ಅಳುತ್ತಿದ್ದರೆ ಅವನು ಪಾತ್ರೆ ತೊಳೆಯುತ್ತಿದ್ದ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಇವನಿಗೇನು ಎದೆ ಇದೆಯೋ ಕಲ್ಲಿದೆಯೋ ಎಂದು ನೋಡಿ ನೋಡಿ ಸಾಕಾಗಿ, ಕೊನೆಗೆ ನಾನೇ ಹೊರಡು ಅಂದೆ. ಇದನ್ನೆಲ್ಲ ನೀವು ಬಲ್ಲಿರಿ.

ಶನಿವಾರ ಕೊನೆಯ ಆಟಕ್ಕೆ ಎಲೆ ಬಿದ್ದವು. ಲಮಾಂಟ್ ತನ್ನ ಎಲೆಗಳನ್ನು ಎತ್ತಲೇ ಇಲ್ಲ. ಅವುಗಳ ಮೇಲೆ ಅಂಗೈ ಇಟ್ಟು, ನನ್ನ ಮುಖ ನೋಡಿ, "ಸೊನ್ನೆ. ನೋಡದೆ" ಎಂದ.

"ಅಯ್ಯೋ, ಇವನಿಗೆ ಬಿಸಿಲು ತಲೆಗೇರಿದೆ, ನೀರು ಹಾಕ್ರೋ!" ಎಂದು ಮಾವ ಮೇಜು ಗುದ್ದಿದರು. ಮದುವೆಯಾದ ಹೊಸದರಲ್ಲಿ ನಿಮ್ಮ ಅಡುಗೆಮನೆಯಲ್ಲಿ ನೀವೇ ಹೇಳಿಕೊಟ್ಟಿದ್ದಿರಿ: "ನೋಡದೆ ಸೊನ್ನೆ ಅಂದೋನು ಒಂದು ಸುತ್ತೂ ಗೆಲ್ಲಬಾರದು. ಅವನ ಕೈಲಿ ದೊಡ್ಡ ಎಲೆ ಇದ್ರೆ ಎದುರಿಗೆ ಕೂತೋಳು ಅದಕ್ಕಿಂತ ದೊಡ್ಡದು ಹಾಕಿ ಅವನನ್ನ ಉಳಿಸಬೇಕು. ಅದು ಅವಳ ಮಡಿಲಲ್ಲಿ ತಲೆ ಇಟ್ಟ ಹಾಗೆ." ಲಮಾಂಟ್ ಅದನ್ನು ಆಡಿದ್ದು ನಾನು ಕಂಡೇ ಇರಲಿಲ್ಲ.

ಮಾತಾಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಹೇಗೋ ಅರ್ಧ ಆಟ ದಾಟಿತು. ಆಗ ಬರ್ನಿಸ್ ಅತ್ತೆ ಇಸ್ಪೀಟ್ ಜಾತಿಯ ಒಂದು ಸಣ್ಣ ಎಲೆ ಇಳಿಸಿದರು. ನನ್ನ ಹತ್ತಿರ ಇಸ್ಪೀಟ್ ಎಕ್ಕ ಇತ್ತು, ಅದಕ್ಕಿಂತ ದೊಡ್ಡದಿಲ್ಲ. ಬುದ್ಧಿ ಇದ್ದವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ ಎಲೆಯನ್ನು ಯಾವಾಗಲೂ ಪಟೀರನೆ ಬಡಿಯುವ ಲಮಾಂಟ್ ಅವತ್ತು ಒಂದೊಂದನ್ನೂ ಮೆತ್ತಗೆ ಇಡುತ್ತಿದ್ದ. ಹನ್ನೆರಡು ವರ್ಷ ಬಾಳಿದ್ದೇನೆ ಅತ್ತೆ, ಅವನಿಗೆ ಭಯವಾದರೆ ನನಗೆ ಗೊತ್ತಾಗುತ್ತದೆ. ಎಕ್ಕ ಹಾಕಿಬಿಟ್ಟೆ. ಅದರ ಕೆಳಗೆ ಲಮಾಂಟ್ ಇಸ್ಪೀಟ್ ರಾಜನನ್ನು ಇಟ್ಟ. ಆ ಜಾತಿಯಲ್ಲಿ ಅವನ ಹತ್ತಿರ ಇದ್ದಿದ್ದೇ ಅದೊಂದು ಎಲೆ. ನಾನು ಎಕ್ಕ ಹಾಕದಿದ್ದರೆ ಮುಳುಗುತ್ತಿದ್ದ.

ನೋಡದೆ ಹೇಳಿದ ಸೊನ್ನೆ ಉಳಿದರೆ ಇನ್ನೂರು ಅಂಕ, ಅಷ್ಟರಿಂದಲೇ ಗೆದ್ದೆವು. ಮಾವ ಟೋಪಿ ತೆಗೆದು ನೆಲಕ್ಕೆ ಎಸೆದು, "ಡೈವೋರ್ಸ್ ಅಂತೆ ಡೈವೋರ್ಸು! ಕೋರ್ಟಿಗೇ ಮೋಸ ಮಾಡಿದೀರಿ!" ಎಂದು ಅರಚಿದರು.

ಐಸಿನ ಡಬ್ಬ ಹೊತ್ತುಕೊಂಡು ಅವನು ನನ್ನ ಕಾರಿನ ತನಕ ಬಂದ. "ಅಷ್ಟು ಧೈರ್ಯ ಎಲ್ಲಿಂದ ಬಂತು ನಿಂಗೆ?" ಎಂದೆ. "ಧೈರ್ಯ ಅಲ್ಲ ನಡೀನ್. ಏಳು ಗೆಲ್ತೀನಿ, ಏಳು ಗೆಲ್ತೀನಿ ಅಂತ ಹೇಳಿ ಹೇಳಿ ಸುಸ್ತಾಗಿದೆ. ಎದುರಿಗೆ ನೀನಿದ್ದೆ, ಅಷ್ಟೇ" ಎಂದ. ಆಮೇಲೆ ಕೇಳಿದ, ಮನೆಗೆ ಬರಲಾ ಎಂದು.

ಅವನ ಮೇಲೆ ನನಗೆ ಪ್ರೀತಿ ಇದೆ ಅತ್ತೆ. ಯಾವತ್ತೂ ಹೋಗಲಿಲ್ಲ, ಹೋಗಿದೆ ಎಂದು ಹೇಳಿಕೊಂಡು ತಿರುಗಿದೆ. ಭಯವಿರುವುದು ಜೋಸಿಗಾಗಿ. ಹನ್ನೊಂದು ವರ್ಷದ ಮಗು ಒಮ್ಮೆ ಮನೆ ಒಡೆದಿದ್ದು ನೋಡಿದ್ದಾಳೆ, ಇನ್ನೊಮ್ಮೆ ತೋರಿಸಲಾರೆ. ಅವಳೇನೋ ಕಾರಿನ ಹಿಂದಿನ ಸೀಟಿನಿಂದ ಎಲ್ಲ ಕೇಳಿಸಿಕೊಂಡು, "ಮಮ್ಮಾ, ನಂಗೆ ಎರಡು ರೂಮ್ ಇರೋದು ತಪ್ಪಿಹೋಗುತ್ತೆ. ಹೋಗ್ಲಿ ಬಿಡು, ಅಡ್ಜಸ್ಟ್ ಮಾಡ್ಕೋತೀನಿ" ಎಂದಳು. ಥೇಟ್ ನಿಮ್ಮ ನಾಲಿಗೆ.

ವಾಕರ್ ಹಿಡಿಯದೆ ಓಡಾಡಬೇಡಿ. ದೇವರು ನಿಮ್ಮ ಸೊಂಟಕ್ಕೂ ನಾಲಿಗೆಗೂ ಬಲ ಕೊಡಲಿ. ನಾಲಿಗೆಗೆ ಒಂದು ಚೂರು ಕಮ್ಮಿಯಾದರೂ ನಡೆದೀತು. ನಮ್ಮ ಮೂವರ ತಲೆಯ ಮೇಲೂ ನಿಮ್ಮ ಕೈ ಇರಲಿ.

ಕೋರ್ಟು ಏನೇ ಹೇಳಲಿ, ನಿಮ್ಮ ಸೊಸೆ,
ನಡೀನ್

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಕಾರಿನ ಹತ್ತಿರ ನಾನೂ ಅವನನ್ನು ಒಂದು ಮಾತು ಕೇಳಿದೆ. ಆಮೋಸ್ ಹೋದಾಗ ಒಂದು ಸಲವಾದರೂ ನನ್ನ ಜೊತೆ ಯಾಕೆ ಅಳಲಿಲ್ಲ ಎಂದು. ಐಸಿನ ಡಬ್ಬ ಕೆಳಗಿಟ್ಟು ಹೇಳಿದ: "ಸ್ಮಶಾನದಲ್ಲಿ ಅಮ್ಮ ನನ್ನ ಟೈ ಸರಿ ಮಾಡ್ತಾ ಹೇಳಿದ್ಲು, 'ಅವಳ ಮುಂದೆ ಕಣ್ಣೀರು ಹಾಕಬೇಡ. ನೀನೂ ಕುಸಿದ್ರೆ ಅವಳನ್ನ ಹಿಡಿಯೋರು ಯಾರು?' ಅಂತ. ಆ ಮಾತು ಮೀರಲಿಲ್ಲ." ಅತ್ತೆ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇತ್ತು, ನಿನ್ನೆಯ ತನಕ ಇತ್ತು. ಆಮೇಲೆ ನಿಮ್ಮ ಯಜಮಾನರನ್ನು ಮಣ್ಣು ಮಾಡಿದ ದಿನ ನೆನಪಾಯಿತು. ಮಕ್ಕಳು ಹೆದರಬಾರದೆಂದು ನೀವು ಬಿಳಿ ಹ್ಯಾಟು ಇಟ್ಟುಕೊಂಡು ನೆಟ್ಟಗೆ ನಿಂತಿದ್ದಿರಿ. ನಿಮಗೂ ಯಾರೂ ಅಳು ಎಂದು ಹೇಳಲಿಲ್ಲ. ನನ್ನನ್ನು ಉಳಿಸಲೆಂದೇ ನೀವು ಆ ಮಾತು ಹೇಳಿದ್ದು, ಗೊತ್ತು. ಆದರೆ ಅವನು ಅದನ್ನು ಇವತ್ತಿಗೂ ಹೊತ್ತುಕೊಂಡಿದ್ದಾನೆ, ನಾನು ಇಳಿಸು ಅಂದರೆ ಇಳಿಸುವುದಿಲ್ಲ. ಹೊರಿಸಿದವರೇ ಇಳಿಸಬೇಕು. ಭಾನುವಾರ ಚರ್ಚಿನಿಂದ ಬಂದಮೇಲೆ ಎಂದಿನಂತೆ ನಿಮಗೆ ಫೋನ್ ಮಾಡುತ್ತಾನೆ. ಈ ಸಲ ನನ್ನ ಅಡುಗೆಮನೆಯಿಂದ ಮಾಡುತ್ತಾನೆ. ಸ್ಪೀಕರಿಗೆ ಹಾಕಬೇಡಿ. ಆಮೋಸ್ ಹೆಸರು ಹೇಳಿ, ಅತ್ತುಬಿಡು ಮಗನೇ ಎಂದುಬಿಡಿ. ನಾನು ಎದುರಿಗೇ ಕೂತಿರುತ್ತೇನೆ.