ವಾರ್ಡಿನಲ್ಲಿ ಮಾತು, ಮನೆಯಲ್ಲಿ ಸ್ಲೇಟು

ರಾಮಕೃಷ್ಣನಗರ, ಮೈಸೂರು
ಶನಿವಾರ, ೧೪ ಜೂನ್ ೨೦೨೫

ನಮ್ಮ ಮನೆಯವರಿಗೆ,

ಶರಣು. ಸಿಟ್ಟು ಇಳಿಯುವ ಮೊದಲೇ ಬರೆದು ಮುಗಿಸಬೇಕೆಂದು ಕೂತಿದ್ದೇನೆ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಾರದೆ ಅಕ್ಕನ ಮನೆಗೆ ಯಾಕೆ ಬಂದೆ ಎಂದು ಮೆಸೇಜಿನ ಮೇಲೆ ಮೆಸೇಜು ಕಳಿಸುತ್ತಿದ್ದೀರಿ. ವಾಟ್ಸಾಪಿನಲ್ಲಿ ಉತ್ತರ ಕೊಟ್ಟರೆ ಕೈ ಮುಗಿಯುವ ಗೊಂಬೆ ಹಾಕಿ ಸುಮ್ಮನಾಗುತ್ತೀರಿ. ಅದಕ್ಕೇ ಕಾಗದ. ಭಾವನವರು ಸ್ಕೂಟರಿನಲ್ಲಿ ತಂದುಕೊಡುತ್ತಾರೆ. ಬೆಳಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಗೇಟಿನವರೆಗೆ ಹೋಗುವುದು, ಬರುವುದು. ಅಕ್ಕನಿಗೂ ನನ್ನನ್ನು ನೋಡಿ ನೋಡಿ ಸಾಕಾಗಿದೆ.

ನಿಮಗೆ ಮಾತು ಬರುತ್ತದಂತೆ. ಅದನ್ನು ನನಗೆ ಹೇಳಿದವಳು ಹೂಟಗಳ್ಳಿಯ ಮಂಜುಶ್ರೀ.

ಆಪರೇಷನ್ನಿನಲ್ಲಿ ನಿಮ್ಮ ಧ್ವನಿಪೆಟ್ಟಿಗೆ ತೆಗೆದು, ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ಕಳಿಸಿ ಎರಡು ವರ್ಷವಾಯಿತು. ದೇವರಾಜ ಮೊಹಲ್ಲಾದ ವೀಳ್ಯದೆಲೆ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು ಸ್ಲೇಟು ಹಿಡಿದು ಕೂತಿರಿ. ಮೊದಲ ದಿನ ಸಾರಿಗೆ ಉಪ್ಪು ಕಮ್ಮಿ ಎಂದು ಬರೆದು ತೋರಿಸಿದಾಗ ನಾನು ಹಿತ್ತಲಿಗೆ ಹೋಗಿ ಅತ್ತೆ. ಆಮೇಲೆ ರೋಗಿಗಳ ಸಂಘದವರು ನಮ್ಮಿಬ್ಬರನ್ನೂ ಕರೆದರು. ಗುಣವಾದವರು ವಾರ್ಡಿನೊಳಗೆ ಹೋಗಿ ಹೊಸಬರಿಗೆ ಧೈರ್ಯ ತುಂಬಬೇಕು, ಅವರ ಹೆಂಡತಿಯರು ಹೊರಗಿನ ಬೆಂಚಿನಲ್ಲಿ ಹೆಂಗಸರ ಜೊತೆ ಕೂರಬೇಕು. ಸ್ನಾನ ಮಾಡಿಸುವಾಗ ಕತ್ತಿನ ತೂತಿಗೆ ನೀರು ಹೋಗದಂತೆ ಹೇಗೆ ಕಾಯುವುದು, ಊಟ ಎಷ್ಟು ನುಣ್ಣಗಿರಬೇಕು, ಇವೇ ಅಲ್ಲಿ ನನ್ನ ಪಾಠ. ಒಳಗೆ ನೀವೂ ಸ್ಲೇಟಿನಲ್ಲೇ ಧೈರ್ಯ ಹೇಳುತ್ತೀರಿ ಎಂದುಕೊಂಡಿದ್ದೆ.

ನಿನ್ನೆ ಮಂಜುಶ್ರೀ ಬೆಂಚಿನಲ್ಲಿ ನನ್ನ ಕೈ ಹಿಡಿದುಕೊಂಡು, ನಿಮ್ಮ ಯಜಮಾನರು ಗುರುಮಲ್ಲಪ್ಪನವರು ಗಾಳಿ ನುಂಗಿ, ಅದನ್ನೇ ತೇಗಿನ ಹಾಗೆ ಮೇಲೆ ತಂದು ಮಾತಾಡುತ್ತಾರೆ ಎಂದಳು. ಸಂಘದ ಹಳಬರು ಸಣ್ಣಯ್ಯನವರು ಕಲಿಸಿದ ವಿದ್ಯೆಯಂತೆ. ಎಲೆ ಹರಾಜು ಕೂಗಿ ತೋರಿಸಿ ವಾರ್ಡನ್ನೆಲ್ಲ ನಗಿಸಿದಿರಂತೆ. ಅವಳ ಗಂಡ ಮಹದೇವ ಮಾತ್ರ ನಗದೆ ಗೋಡೆಗೆ ತಿರುಗಿ ಮಲಗಿದನಂತೆ. ಈ ದನಿಯಲ್ಲಿ ಕರೆದರೆ ಮಗು ಹೆದರುತ್ತದೆ, ಆಪರೇಷನ್ನೇ ಬೇಡ, ಇರುವಷ್ಟು ದಿನ ನನ್ನ ದನಿಯಲ್ಲೇ ಇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಸೋಮವಾರ ಬಂದು ಸೇರದಿದ್ದರೆ ಗೆಡ್ಡೆ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿ ನಿನ್ನೆ ಸಂಜೆ ಮನೆಗೆ ಕಳಿಸುವವರಿದ್ದರು. ಇನ್ನೂ ಚಿಕ್ಕ ವಯಸ್ಸು.

ಆಮೇಲೆ ಅವಳು ಕೇಳಿದಳು: "ಅಕ್ಕಾ, ನಿಜ ಹೇಳಿ. ಆ ದನಿ ದಿನಾ ಮನೇಲಿ ಕೇಳ್ಕಂಡು ಎಂಗಿರ್ತೀರಾ?"

ನಾನೇನು ಹೇಳಲಿ? ನನ್ನ ಗಂಡ ಊರಿಗೆಲ್ಲ ಮಾತಾಡುತ್ತಾರೆ, ನನಗೆ ಮಾತ್ರ ಬಳಪ ಎನ್ನಲೇ? "ಒಂದು ವಾರ ಕಷ್ಟ ಕಣಮ್ಮ, ಆಮೇಲೆ ಒಗ್ಗೋಗುತ್ತೆ" ಅಂದುಬಿಟ್ಟೆ. ಅವಳ ಮುಖಕ್ಕೆ ಜೀವ ಬಂತು. ಹಾಗಾದರೆ ಭಾನುವಾರ ಗಂಡನನ್ನು ಕರೆದುಕೊಂಡು ನಮ್ಮ ಮನೆಗೇ ಬರುತ್ತಾಳಂತೆ. ನಾವಿಬ್ಬರೂ ಮಾತಾಡಿಕೊಳ್ಳುವುದನ್ನು ಕಣ್ಣಾರೆ ಕಂಡರೆ ಅವನು ಒಪ್ಪುತ್ತಾನಂತೆ. ಬನ್ನಿ ಎಂದೆ. ಅಲ್ಲಿಂದ ಎದ್ದವಳೇ ಆಟೋ ಹತ್ತಿದೆ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಿಮ್ಮನ್ನು ನೋಡಿಯೇ ಕಟ್ಟಿದ್ದಾರೆ. ನಾಚಿಕೆಯೇ? ಮದುವೆಯಾದಾಗಿನಿಂದ ನೀವು ಉಂಡು ತೇಗಿದ್ದನ್ನು ಕೇಳುತ್ತಾ ಬಂದವಳು, ಒಂದು ದಿನ ಮೂಗು ಮುರಿದಿದ್ದೇನೆಯೇ? ಬಿಚ್ಚಿ ಹೇಳಬೇಕೆಂದರೆ ಹೊಟ್ಟೆಕಿಚ್ಚು. ಗುರುತು ಪರಿಚಯ ಇಲ್ಲದವರಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ. ಮನೆಯಲ್ಲಿ ಬಾಯಿ ಬಿಡುವವಳು ನಾನೊಬ್ಬಳೇ ಆಗಿ, ನನ್ನ ದನಿ ನನಗೇ ಬೇಜಾರು ಬಂದಿದೆ.

ನಾಳೆ ಹನ್ನೊಂದಕ್ಕೆ ಅವರು ಬರುತ್ತಾರೆ. ನಾನು ಬಂದು ಕೇಸರಿಬಾತ್ ಮಾಡುತ್ತೇನೆ, ನೀವು ಹಾಲು ಹೆಚ್ಚಿಗೆ ತಂದಿಡಿ. ಅವರೆದುರು ನೀವು ಸ್ಲೇಟು ಹಿಡಿದರೆ ಆ ಹುಡುಗ ಬಂದ ದಾರಿಯಲ್ಲೇ ಹೊರಟುಬಿಡುತ್ತಾನೆ, ಸೋಮವಾರ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಅವನ ಹೆಂಡತಿಗೆ ನಾನು ಮಾತು ಕೊಟ್ಟಾಗಿದೆ. ಉಳಿಸಿಕೊಡುವವರು ನೀವು.

ಮಾತ್ರೆ ಮರೆಯಬೇಡಿ. ಕತ್ತಿಗೆ ಒಗೆದ ಬಟ್ಟೆಯನ್ನೇ ಕಟ್ಟಿಕೊಳ್ಳಿ.

ಸಿಟ್ಟಿನಲ್ಲೂ ನಿಮ್ಮವಳೇ,
ಪ್ರೇಮಲೀಲಾ

ತಾ.ಕ.: ಭಾವನವರು ಸ್ಕೂಟರ್ ತೆಗೆಯುತ್ತಿದ್ದಾರೆ, ಮುಚ್ಚಿಟ್ಟದ್ದನ್ನು ಬರೆದುಬಿಡುತ್ತೇನೆ. ನಿನ್ನೆ ಬೆಂಚಿನಿಂದ ಎದ್ದು ನೇರ ಆಟೋ ಹತ್ತಲಿಲ್ಲ. ನೀವು ಆಗಲೂ ಮಹದೇವನ ಹತ್ತಿರವೇ ಕೂತಿದ್ದೀರಿ ಎಂದು ಮಂಜುಶ್ರೀ ಹೇಳಿದ್ದಕ್ಕೆ ವಾರ್ಡಿನ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. "ನಮ್ ಪ್ರೇಮನೂ ಮೊದ್ಲು ಹೆದರಿದ್ಲು, ಈಗ ಒಗ್ಗೋಗವ್ಳೆ" ಎನ್ನುತ್ತಿದ್ದಿರಿ. ನಾನು ಹೊರಗೆ ಹೇಳಿದ ಸುಳ್ಳನ್ನೇ ನೀವು ಒಳಗೆ ಹೇಳುತ್ತಿದ್ದಿರಿ. ಆ ದನಿ ನಿಮ್ಮದಲ್ಲ ಅನ್ನಿಸಿ, ಹಿಂತಿರುಗಿ ನೋಡದೆ ಹೊರಬಿದ್ದು ಆಟೋ ಹತ್ತಿದೆ. ನಾನು ಸಿಟ್ಟು ಮಾಡಿಕೊಂಡು ಬಂದವಳಲ್ಲ, ಹೆದರಿ ಓಡಿಬಂದವಳು. ಹೀಗಾಗುತ್ತದೆಂದು ಗೊತ್ತಿದ್ದೇ ನೀವು ಮನೆಯಲ್ಲಿ ಬಾಯಿ ಬಿಡಲಿಲ್ಲವೇನೋ. ನಾಳೆ ಬೆಳಕು ಹರಿಯುತ್ತಲೇ ಬರುತ್ತೇನೆ, ಅವರು ಬರುವಷ್ಟರಲ್ಲಿ ನಾನು ಒಗ್ಗಬೇಕು. ಮಾತಾಡಿ. ನಾನು ಎದ್ದು ಅಡುಗೆಮನೆಗೆ ಹೋದರೆ ಮಾತು ನಿಲ್ಲಿಸಬೇಡಿ, ಹಿಂದೆಯೇ ಬಂದು ಮಾತಾಡಿ.