ಆಕಿಗೇನ್ ಧಾಡಿ!

ಕಡ್ಡಿರಾಂಪುರ
೯-೨-೨೦೨೫

ನನ್ನ ದೇವಿಕಾ,

ದೊಡ್ಡವ್ವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕ್ಯಾಂಪು ಮುಗಿದು ವಾರವಾದರೂ ಸುದ್ದಿ ತಿಳಿಸಲಿಲ್ಲವೆಂದು ಸಿಟ್ಟಾಗಬೇಡ. ಫೋನು ಹಿಡಿದರೆ ಪಕ್ಕದಲ್ಲೇ ನಿಮ್ಮವ್ವ ಕೂತಿರುತ್ತಾಳೆ. ಅವಳೆದುರು ಹೇಳಲಾಗದ ಮಾತೂ ಇದರಲ್ಲಿದೆ, ಅದಕ್ಕೇ ಬರೆಯಲು ಕೂತೆ.

ಹೋದ ತಿಂಗಳು ನಿನ್ನ ಡಾಕ್ಟರ್ ಓದಿನ ಕೆಲಸಕ್ಕೆಂದು ನೀನು ಇ.ಸಿ.ಜಿ. ಮೆಷಿನ್ ಹೊತ್ತು ಬಂದು, ಆರೋಗ್ಯವಾಗಿರುವ ಹೆಂಗಸರ ಎದೆಬಡಿತದ ಅಳತೆ ಬೇಕೆಂದಾಗ ಅಂಬೇಡ್ಕರ್ ಭವನದ ತುಂಬ ಜನ ಸೇರಿದ್ದರು. "ಏನಾದರೂ ತೊಂದರೆ ಇದೆಯಾ?" ಎಂದು ನೀನು ಕೇಳಿದ್ದೇ ತಡ, ಒಬ್ಬಳಿಗೆ ಎದೆ ಉರಿ, ಇನ್ನೊಬ್ಬಳಿಗೆ ತಲೆಸುತ್ತು, ಮತ್ತೊಬ್ಬಳಿಗೆ ದಮ್ಮು. ಎಲ್ಲರನ್ನೂ ಬಿಟ್ಟು ನೀನು ಬರಿಗೈಯಲ್ಲಿ ಬಸ್ ಹತ್ತಿದೆ. "ನಮ್ ಕಡಿ ಹೆಣ್ಮಕ್ಳ ಅಳತಿ ಸಿಗ್ಲಿಲ್ಲಂದ್ರ ಗಂಡಸ್ರ ಅಳತೀನೇ ಇವ್ರಿಗೂ ಹಚ್ತಾರ ದೊಡ್ಡವ್ವ" ಎಂದು ಕಣ್ಣು ತುಂಬಿಕೊಂಡೆಯಲ್ಲ, ಆ ಮುಖ ನನ್ನ ಕಣ್ಣೆದುರಿನಿಂದ ಹೋಗಲೇ ಇಲ್ಲ.

ನೀನು ಹೋದ ಮೇಲೆ ಪಕ್ಕದ ಮನೆಯ ನಿಂಗಕ್ಕನನ್ನು ಹಿಡಿದುಕೊಂಡೆ. "ಲೇ, ನಿನಗ್ಯಾವಾಗ ದಮ್ಮು ಬಂತು? ಬಾಳಿಗೊನಿ ಹೊತ್ಕಂಡು ಕಾಲುವಿ ದಂಡಿಮ್ಯಾಲ ಓಡ್ತೀ!"

"ಹಂಗಂತ ಮಂದಿ ಮುಂದ ನಾ ಗಟ್ಟಿ ಅದೀನಿ ಅನ್ಲೇನಬೇ? ದೃಷ್ಟಿ ತಾಗಂಗಿಲ್ಲೇನು?" ಎಂದಳು.

ನೋಡು, ಮನೆಯಲ್ಲಿ ಬುದ್ಧನ ಪಟ ಹಾಕಿ ಎಷ್ಟೋ ವರ್ಷವಾಯಿತು, ಈ ದೃಷ್ಟಿಯ ಭಯ ಮಾತ್ರ ನಮ್ಮ ನಾಲಿಗೆ ಬಿಟ್ಟು ಹೋಗಿಲ್ಲ. ಓದಿನ ಭರದಲ್ಲಿ ನಿನಗೆ ಮರೆತಿತ್ತು, ನನಗೂ ಹೊಳೆದಿರಲಿಲ್ಲ.

ಈ ಸಲ ಪರೀಕ್ಷೆಯೆಂದು ನೀನು ಬರಲಿಲ್ಲ, ನಿನಗೆ ಕಲಿಸುವ ಡಾಕ್ಟರ್ ಮೇಡಂ ಬಂದರು. ನಾನು ಮೊದಲೇ ಅವರ ಕಿವಿಗೆ ಹಾಕಿದೆ: "ಮೇಡಂ, ಆಕಿ ಸುದ್ದಿ ಆಕಿನ್ನೇ ಕೇಳ್ಬ್ಯಾಡ್ರಿ. ಬಾಜೂದಾಕಿನ್ನ ಕೇಳ್ರಿ." ನಕ್ಕರು, ಹಾಗೇ ಮಾಡಿದರು. ಭವನದೊಳಗೆ ಸಂತೆಯೇ ನೆರೆಯಿತು.

"ನಿಂಗಕ್ಕಗೇನ್ ಧಾಡಿ ಮೇಡಂ? ಗಂಡನ್ನ ಬೈಯಾಕ ನಿಂತ್ರ ಉಸ್ರು ತಗಳ್ಳಂಗಿಲ್ಲ!" ಎಂದು ಶಾಂತಕ್ಕ.

"ಶಾಂತಕ್ಕಗ ತಲಿಸುತ್ತಂತ! ಮೊನ್ನಿ ಬಸ್ಸಿನ ಹಿಂದ ಓಡಿ ಕಂಡಕ್ಟರನ ಅಂಗಿ ಹಿಡ್ದಾಳ್ರಿ" ಎಂದು ನಿಂಗಕ್ಕ.

ಬಾಗಿಲಲ್ಲಿ ನಿಂತಿದ್ದ ಶಾಂತಕ್ಕನ ಗಂಡ ಎರ್ರಿಯಪ್ಪ, "ರೋಗ ಇಲ್ದೋರಿಗೆ ಡಾಕ್ಟ್ರು! ಉಂಡೋರಿಗೇ ಮತ್ತ ಎಲಿ ಹಾಕಿದಂಗಾತು" ಎಂದು ಕಿಸಕ್ಕನೆ ನಕ್ಕ.

ಮೇಡಂ ಬಿ.ಪಿ. ನೋಡಿ, ಒಬ್ಬೊಬ್ಬರನ್ನೇ ಮರೆಯಲ್ಲಿ ವಿಚಾರಿಸಿ, ನಿಜವಾಗಿ ಕಾಯಿಲೆ ಇದ್ದವರನ್ನು ಬೇರೆ ಮಾಡಿ ಉಳಿದವರನ್ನು ಮಲಗಿಸಿದರು. ನಿನಗೆ ಸಾಕಾಗುವಷ್ಟು ಹೆಂಗಸರು ಸಿಕ್ಕರು ಮಗಳೇ.

ಗುಲಾಬಿ ಚೌಕದ ಇ.ಸಿ.ಜಿ. ಕಾಗದವನ್ನು ನನಗೂ ತೋರಿಸಿದರು. ನಿಮಿಷಕ್ಕೆ ಅರವತ್ತರಿಂದ ನೂರು ಬಡಿತ; ಮೊದಲ ಸಣ್ಣ ಉಬ್ಬು ಶುರುವಾದಲ್ಲಿಂದ ಎತ್ತರದ ಮೊನೆ ಏಳುವವರೆಗೆ ಮೂರರಿಂದ ಐದು ಸಣ್ಣ ಚೌಕ; ಆ ಮೊನೆಯ ಅಗಲ ಮೂರು ಚೌಕದೊಳಗೆ. ಗಟ್ಟಿ ಜನರ ಅಳತೆ ಇದಂತೆ. "ಆದರೆ ಗಟ್ಟಿ ಜನರೆಲ್ಲ ಒಂದೇ ಅಚ್ಚಿನಲ್ಲಿ ಇರುವುದಿಲ್ಲ ಭೀಮವ್ವ" ಎಂದರು. ಕೊನೆಯ ಉಬ್ಬು ಮೇಲಕ್ಕಿರುವುದು ವಾಡಿಕೆ. ಎದೆಯ ಮುಂಭಾಗದ ಕೆಲವು ಗೆರೆಗಳಲ್ಲಿ ಅದು ಕೆಳಕ್ಕೆ ಮಗುಚಿರುವುದು ಕೆಲವು ಹೆಂಗಸರಿಗೆ ಸಹಜವೇ ಅಂತೆ. ನಿಂಗಕ್ಕನ ಸೊಸೆಯದು ಹಾಗೇ ಇತ್ತು.

ಅದನ್ನು ಕೇಳಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನೀನು ಹುಟ್ಟಿದ ವರ್ಷ ನಿಮ್ಮವ್ವನ ಕಾಗದದಲ್ಲಿ ಹೀಗೇ ಮಗುಚಿದ ಉಬ್ಬು ನೋಡಿಯೇ ಒಬ್ಬ ಡಾಕ್ಟರು, ಹೃದಯ ಸೋತಿದೆ, ಭಾರ ಎತ್ತಬೇಡ ಎಂದದ್ದು. ನನ್ನ ಬೆನ್ನಿಗೆ ಹುಟ್ಟಿ, ನನ್ನ ಹಿಂದೆಯೇ ಇದೇ ಮನೆಗೆ ಸೊಸೆಯಾಗಿ ಬಂದವಳು, ಅಂದಿನಿಂದ ನೀರಿನ ಕೊಡ ಮುಟ್ಟಿಲ್ಲ. ಮನೆಗೆ ಹೋಗಿ ಕೈಹಿಡಿದು ಎಳೆದು ತಂದೆ. ಅವಳ ಹೆಸರು ಬರೆದುಕೊಂಡ ಮೇಡಂ, "ಅನುಸೂಯಾ ಹೇಗಿದ್ದಾರೆ?" ಎಂದು ಉಳಿದವರನ್ನು ಕೇಳಿದರು. ಅಷ್ಟು ಗದ್ದಲ ಹಾಕುತ್ತಿದ್ದ ಹೆಂಗಸರು ನೆಲ ನೋಡಿದರು. ನಾನೇ ಅಂದೆ, "ಏನ್ ಧಾಡಿ ಆಕಿಗೆ? ಮಲಗಸ್ರಿ."

ಉಬ್ಬು ಇನ್ನೂ ಮಗುಚಿಯೇ ಇತ್ತು. ಕಾಗದವೊಂದನ್ನೇ ನಂಬಬಾರದೆಂದು ಮೇಡಂ ಹೊಸಪೇಟೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದರು. ಈ ಪತ್ರ ತಡವಾದದ್ದು ಅದಕ್ಕೇ. ಹೃದಯ ಚೆನ್ನಾಗಿದೆ, ಆಗಲೂ ಚೆನ್ನಾಗಿಯೇ ಇದ್ದಿರಬೇಕು ಎಂದರು. ನಿಮ್ಮವ್ವ ನಂಬಲೊಲ್ಲಳು. "ದೇವಿಕಾ ನೋಡಿ ಹೇಳ್ಲಿ. ಅಲ್ಲೀತನ ನಾ ಹಿಂಗ ಇರ್ತೀನಿ" ಅನ್ನುತ್ತಾಳೆ. ರಿಪೋರ್ಟು ಕಳಿಸುವುದಿಲ್ಲ, ಬಂದೇ ನೋಡು. ಅವಳನ್ನು ಗಟ್ಟಿ ಹೆಂಗಸರ ಲೆಕ್ಕಕ್ಕೆ ಸೇರಿಸುವುದು ನಿನಗೇ ಬಿಟ್ಟಿದ್ದು ಎಂದಿದ್ದಾರೆ ಮೇಡಂ.

ಪರೀಕ್ಷೆ ಚೆನ್ನಾಗಿ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು, ಕೂಸಿಗೂ ಉಣಿಸು. ನೀವೆಲ್ಲ ತಣ್ಣಗಿರಿ.

ನಿನ್ನ ದೊಡ್ಡವ್ವ,
ಭೀಮವ್ವ

ತಾ.ಕ.: ಅಂಗನವಾಡಿಗೆ ಹೋಗುತ್ತಿದ್ದಾಗ ನೀನೊಮ್ಮೆ ನನ್ನ ಸೊಂಟದ ಮೇಲೆ ಕೂತು ಕೇಳಿದ್ದೆ, "ಎಲ್ಲಾರ ಅವ್ವಂದಿರು ಎತ್ಕೊಂತಾರ, ನಮ್ಮವ್ವಗ ನಾ ಬ್ಯಾಡೇನು?" ಬಾಗಿಲ ಹಿಂದೆ ನಿಂತು ನಿಮ್ಮವ್ವ ಅದನ್ನು ಕೇಳಿಸಿಕೊಂಡಳು. ಇದನ್ನು ನಿನಗೆ ಯಾರೂ ಹೇಳಿಲ್ಲ. ಮೊನ್ನೆ ಸ್ಕ್ಯಾನ್ ಮುಗಿಸಿ ಆಟೋದಲ್ಲಿ ಬರುವಾಗ ಒಂದೇ ಮಾತು ಕೇಳಿದಳು: "ಅಕ್ಕ, ಹಂಗಾರ ನಾ ಆಕಿನ್ನ ಎತ್ಕೋಬಹುದಿತ್ತೇನು?"

ಬರುವಾಗ ನಿನ್ನ ಕೂಸನ್ನು ಕರೆದುಕೊಂಡು ಬಾ. ಬಸ್ಸಿಳಿದ ಕೂಡಲೇ ರೂಢಿಯಂತೆ ನನ್ನ ಕೈಗೆ ಕೊಡಬೇಡ. ನಾನು ಬೇಕೆಂದೇ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿರುತ್ತೇನೆ.